ಸಹೋದ್ಯೋಗಿ ಗೆಳೆಯನಾಗುವ ಹೊತ್ತು

ಕಚೇರಿಯ ಗೆಳೆತನ ಶುರುವಾಗುವುದು ಕುರ್ಚಿಯ ಜಾಗದಿಂದ. ಯಾರ ಪಕ್ಕ ಯಾರು ಕೂರಬೇಕೆಂದು ಆಡಳಿತ ವಿಭಾಗ ತೀರ್ಮಾನಿಸುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಒಬ್ಬರ ಡಬ್ಬಿಯ ಉಪ್ಪಿನಕಾಯಿಗೆ ಇನ್ನೊಬ್ಬರು ಕೇಳದೆ ಕೈಹಾಕುತ್ತಿರುತ್ತಾರೆ. ಸಾಮಾಜಿಕ ಮನೋವಿಜ್ಞಾನಿಗಳಿಗೆ ಇದು ಹಳೆಯ ವಿಷಯ. ಅಮೆರಿಕದ ಎಂಐಟಿ ಸಂಸ್ಥೆಯ ವಿದ್ಯಾರ್ಥಿ ವಸತಿಗೃಹಗಳನ್ನು ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಇಬ್ಬರು ಸಂಗಡಿಗರು ಅಧ್ಯಯನ ಮಾಡಿ 1950ರಲ್ಲಿ ಪುಸ್ತಕ ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಗೆಳೆಯರಾಗುವ ಸಾಧ್ಯತೆ ಹೆಚ್ಚು, ನಾಲ್ಕು ಬಾಗಿಲು ಆಚೆಗಿನವರು ಗೆಳೆಯರಾಗುವುದು ಅಪರೂಪ ಎಂಬುದು ಅವರು ಕಂಡುಕೊಂಡದ್ದು. ಅದೇ ಎಂಐಟಿಯ ಥಾಮಸ್ ಆಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ಮಾತುಕತೆಯನ್ನು ಅಳೆದರು. ಇಬ್ಬರ ಮೇಜುಗಳ ನಡುವಿನ ಅಂತರ ಹೆಚ್ಚಿದಂತೆ ಮಾತು ಸರ್ರನೆ ಇಳಿಯುತ್ತದೆ. 50 ಮೀಟರ್ ದಾಟಿದರೆ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದರೂ ಹೆಚ್ಚು ವ್ಯತ್ಯಾಸವಾಗದು.

ಆದರೆ ಹತ್ತಿರ ಕೂತ ಮಾತ್ರಕ್ಕೆ ಸ್ನೇಹ ಗಟ್ಟಿಯಾಗುವುದಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಬೇಕಾದ ಹೊತ್ತಿಗೆ ಒಂದು ಲೆಕ್ಕ ಕೊಟ್ಟಿತು. ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಗೆಳೆಯ ಅನ್ನಿಸಿಕೊಳ್ಳಲು 90 ಗಂಟೆ, ಆಪ್ತನಾಗಲು 200 ಗಂಟೆಗೂ ಹೆಚ್ಚು. ದಿನಕ್ಕೆ ಎಂಟು ಗಂಟೆ ಒಂದೇ ಕೋಣೆಯಲ್ಲಿರುವವರಿಗೆ ಇದು ಎರಡು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ. ಹಾಗಿದ್ದರೂ ಹತ್ತು ವರ್ಷ ಜೊತೆಗೆ ದುಡಿದವರು ಪರಸ್ಪರರ ಮನೆಯ ವಿಳಾಸ ತಿಳಿಯದೆ ನಿವೃತ್ತರಾಗುವುದುಂಟು. ಕಾರಣವೂ ಅದೇ ಅಧ್ಯಯನದಲ್ಲಿದೆ: ಜೊತೆಗೆ ಕೆಲಸ ಮಾಡಿದ ಗಂಟೆಗಳು ಈ ಲೆಕ್ಕದಲ್ಲಿ ಅಷ್ಟಾಗಿ ಜಮೆಯಾಗುವುದಿಲ್ಲ. ಜಮೆಯಾಗುವುದು ಹರಟೆಯ, ಊಟದ, ಅಲೆದಾಟದ ಗಂಟೆಗಳು. ಉದ್ಯೋಗಿಗಳ ಸಮೀಕ್ಷೆಯಲ್ಲಿ ‘ಕೆಲಸದ ಜಾಗದಲ್ಲಿ ನಿಮಗೆ ಆಪ್ತ ಗೆಳೆಯರಿದ್ದಾರೆಯೇ’ ಎಂದು ಗ್ಯಾಲಪ್ ಸಂಸ್ಥೆ ವರ್ಷಗಳಿಂದ ಕೇಳುತ್ತ ಬಂದಿದೆ. ಆ ಉತ್ತರ ಹೌದು ಎಂದಾಗಲು ಬೇಕಾದ ಹೊತ್ತನ್ನು ಮಾತ್ರ ಸಂಬಳದ ಗಂಟೆಗಳಿಂದ ಕದ್ದೇ ತರಬೇಕು.

ಬೆಂಗಳೂರಿನಂಥ ಊರಿನಲ್ಲಿ ಈ ಕದ್ದ ಹೊತ್ತಿಗೆ ಗೊತ್ತಾದ ಠಾವುಗಳಿವೆ. ಹನ್ನೊಂದು ಗಂಟೆಯ ಕಾಫಿ, ದರ್ಶಿನಿಯ ಎದುರು ನಿಂತು ಹಂಚಿಕೊಂಡ ಬೈಟು, ಹೊರವರ್ತುಲ ರಸ್ತೆಯಲ್ಲಿ ಅಲುಗಾಡದೆ ನಿಂತ ಕಂಪನಿ ಕ್ಯಾಬು. ವಾಹನದಟ್ಟಣೆಯನ್ನು ಬೈಯುವವರು ಈ ಒಂದು ಉಪಕಾರವನ್ನು ಮರೆಯುತ್ತಾರೆ. 2020ರ ನಂತರ ಮನೆಯಿಂದ ಕೆಲಸ ರೂಢಿಯಾದಾಗ ಕೆಲಸ ನಿಲ್ಲಲಿಲ್ಲ, ಈ ಠಾವುಗಳು ಮಾತ್ರ ಮಾಯವಾದವು. ಆ ಕಾಲದಲ್ಲಿ ಸೇರಿಕೊಂಡವರು ಸಹೋದ್ಯೋಗಿಗಳ ಮುಖವನ್ನು ಬೆರಳಗಲದ ಚೌಕದಲ್ಲಿ ಕಂಡರೇ ಹೊರತು ಡಬ್ಬಿಯಲ್ಲಿ ಏನಿದೆ ಎಂದು ಕಾಣಲಿಲ್ಲ.

ಇದೆಲ್ಲ ಚಿಲ್ಲರೆ ಹೊತ್ತು. ಇಡುಗಂಟಾಗಿ ಸಿಗುವುದು ಪ್ರವಾಸದಲ್ಲಿ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಮರಳುವ ಒಂದು ತಿರುಗಾಟದಲ್ಲಿ ನಿದ್ದೆ ಕಳೆದರೂ 40 ಗಂಟೆ ಜೊತೆಯಾಗಿ ಸಿಗುತ್ತದೆ. ಹಾಲ್ ಅವರ ಲೆಕ್ಕದಲ್ಲಿ ಪರಿಚಯ ಸ್ನೇಹವಾಗಲು ಇನ್ನು ಹತ್ತೇ ಗಂಟೆ ಬಾಕಿ. ಇಂಥ ತಿರುಗಾಟಗಳಿಗೆ ಕೋಟೆ, ಗುಡಿ, ಹಾಳೂರುಗಳು ಒದಗಿಬರುವುದಕ್ಕೆ ಕಾರಣಗಳಿವೆ. ಖರ್ಚು ಕಡಿಮೆ. ಯಾರ ಮನೆಗೂ ಹೊರೆಯಿಲ್ಲ. ಕುಡಿಯುವವರಿಗೂ ಕುಡಿಯದವರಿಗೂ, ಮಾಂಸ ತಿನ್ನುವವರಿಗೂ ತಿನ್ನದವರಿಗೂ ಹಗಲಿನ ಕಾರ್ಯಕ್ರಮ ಒಂದೇ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ನಡೆಯಬೇಕಾಗುತ್ತದೆ. ಇಬ್ಬಿಬ್ಬರಾಗಿ ನಡೆಯುವಾಗ ಸಭೆಯಲ್ಲಿ ಬಾಯಿ ಬಿಡದವರೂ ಮಾತಾಡುತ್ತಾರೆ.

ಸರ್ಕಾರಿ ನೌಕರರಲ್ಲಿ ಈ ಪದ್ಧತಿಗೆ ವಯಸ್ಸಾಗಿದೆ. ಕೇಂದ್ರ ಸರ್ಕಾರದ ನೌಕರರಿಗೆ ನಾಲ್ಕು ವರ್ಷಗಳ ಒಂದೊಂದು ಅವಧಿಯಲ್ಲಿ ಒಮ್ಮೆ ಭಾರತದ ಯಾವುದೇ ಊರಿಗೆ ಎಲ್‌ಟಿಸಿ (ರಜಾ ಪ್ರವಾಸ ರಿಯಾಯಿತಿ) ಸೌಲಭ್ಯದಲ್ಲಿ ಕುಟುಂಬ ಸಮೇತ ಹೋಗಿಬರುವ ಅವಕಾಶವಿದೆ. ಒಂದೇ ಶಾಖೆಯ ಎರಡು ಮೂರು ಸಂಸಾರಗಳು ಮಾತಾಡಿಕೊಂಡು ಹೊರಡುವುದು ಅಲ್ಲಿ ರೂಢಿ. ಶಾಲಾ ಶಿಕ್ಷಕರದು ಬೇರೆಯೇ ದಾರಿ. ಡಿಸೆಂಬರ್ ಬಂತೆಂದರೆ ಸಾಂದರ್ಭಿಕ ಒಪ್ಪಂದದ ಮೇಲೆ ಪಡೆದ ಕೆಂಪು ಬಸ್ಸುಗಳು ಬೇಲೂರು, ಹಳೇಬೀಡು, ಐಹೊಳೆ, ಬಾದಾಮಿಗಳ ಮುಂದೆ ಸಾಲುಗಟ್ಟುತ್ತವೆ. ಮಕ್ಕಳ ಶೈಕ್ಷಣಿಕ ಪ್ರವಾಸವೆಂದು ಹೆಸರಾದರೂ, ಮಕ್ಕಳ ಎಣಿಕೆ ಮುಗಿಸಿ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚುವ ಮೇಷ್ಟ್ರು–ಮೇಡಂಗಳ ಮಟ್ಟಿಗೆ ಅದು ವರ್ಷದ ಏಕೈಕ ಸಹೋದ್ಯೋಗಿ ಕೂಟ.

ಬೆಂಗಳೂರಿನ ಖಾಸಗಿ ಕಚೇರಿಗಳ ಮಟ್ಟಿಗೆ ಒಂದು ದಿನದ ತಿರುಗಾಟಕ್ಕೆ ಶ್ರೀರಂಗಪಟ್ಟಣ, ಸೋಮನಾಥಪುರ, ಗಡಿಯಾಚೆಯ ಲೇಪಾಕ್ಷಿ. ಬೆಳಗಿನ ಜಾವವೇ ಹೊರಟರೆ ಚಿತ್ರದುರ್ಗ. ಎರಡು ದಿನ ಸಿಕ್ಕರೆ ಹಂಪಿ. ಮೈಸೂರಿನಿಂದ ಬೆಂಗಳೂರಿನ ಮೇಲೆ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿಸಿಕೊಂಡು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರ್.

ವಿಜಯನಗರದ ರಾಜಧಾನಿಯಾಗಿದ್ದ ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ತಾಣಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ನಿಗದಿಪಡಿಸಿದ ದರ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600. ನಗದಿಲ್ಲದೆ ಆನ್‌ಲೈನಿನಲ್ಲಿ ಕೊಂಡರೆ ಭಾರತೀಯರಿಗೆ ಐದು ರೂಪಾಯಿ ಕಡಿಮೆ. 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ವಿಠ್ಠಲ ದೇವಾಲಯದಲ್ಲಿ ಪಡೆದ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಇದು ತಿಳಿಯದೆ ಎರಡನೆಯ ದಿನಕ್ಕೆ ಒಂದನ್ನು ಉಳಿಸಿಕೊಂಡ ಗುಂಪು ಮತ್ತೆ ದುಡ್ಡು ಕೊಡುತ್ತದೆ. ಪೂಜೆ ನಡೆಯುವ ವಿರೂಪಾಕ್ಷ ಗುಡಿ ಈ ಟಿಕೆಟ್ಟಿನ ಲೆಕ್ಕಕ್ಕೆ ಬರುವುದಿಲ್ಲ.

ಗುಂಪಿನಲ್ಲಿ ಹೋದವರು ಸಾಮಾನ್ಯವಾಗಿ ಮಾಡುವುದು ಕಲ್ಲಿನ ರಥಕ್ಕೆ ಓಟ. 2017ರಿಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಚಿತ್ರ ಅದರದೇ. ನೋಟನ್ನು ಎದುರಿಗೆ ಹಿಡಿದು ಫೋಟೋ ತೆಗೆಯದ ಪ್ರವಾಸಿ ವಿರಳ. ರಥದ ಆಕಾರದಲ್ಲಿರುವ ಆ ಕಟ್ಟಡ ವಾಸ್ತವವಾಗಿ ಗರುಡನ ಗುಡಿ ಎಂಬುದು ಫೋಟೋದಲ್ಲಿ ಬರುವುದಿಲ್ಲ. ಅದಕ್ಕಿಂತ ಕಮಲಾಪುರದ ವಸ್ತುಸಂಗ್ರಹಾಲಯದಿಂದ ಶುರುಮಾಡುವುದು ಜಾಣತನ. ಇಡೀ ಹಂಪಿಯ ಬೆಟ್ಟ, ಹೊಳೆ, ಕೋಟೆಗಳ ಕಿರುಮಾದರಿ ಅಲ್ಲಿದೆ. ಸುತ್ತಲೂ ನಿಂತು ನೋಡಿದರೆ ಎರಡು ದಿನದಲ್ಲಿ ಎಷ್ಟು ಆಗುತ್ತದೆ, ಎಷ್ಟು ಆಗದು ಎಂದು ಜಗಳವಿಲ್ಲದೆ ಇತ್ಯರ್ಥವಾಗುತ್ತದೆ.

ಜಾಗ ದೊಡ್ಡದು, ಎರಡು ಭಾಗವಾಗಿ ಹಂಚಿಕೊಂಡರೆ ನೋಡಲು ಸುಲಭ. ಹೊಳೆಯ ದಂಡೆಗೆ ಗುಡಿಗಳ ಸಾಲು, ಅದರ ತೆಂಕಣಕ್ಕೆ ಅರಮನೆಯ ಆವರಣ. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲ ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕೆತ್ತಿದ ಗುರುತುಗಳಿವೆ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಜೋಡಿಸುವ ಕಪಾಟಿನ ಹಲಗೆಗಳ ಮೇಲೆ ಅಂಟಿಸಿದ ಚೀಟಿಯ ಹಾಗೆ. ಕಲ್ಲುಗಳನ್ನು ಬೇರೆಡೆ ಸಿದ್ಧಮಾಡಿ ತಂದು ಜೋಡಿಸಿದರೆಂಬುದಕ್ಕೆ ಇದು ಕುರುಹು. ಎಂಜಿನಿಯರುಗಳ ಗುಂಪಿಗೆ ಇಲ್ಲಿ ಅರ್ಧ ಗಂಟೆ ಸಾಲದು. ಹಜಾರ ರಾಮ ಗುಡಿಯ ಗೋಡೆಗಳಲ್ಲಿ ರಾಮಾಯಣ ಪಟ್ಟಿಪಟ್ಟಿಯಾಗಿ ಸುತ್ತುತ್ತದೆ. ಕಥೆ ಹಿಡಿಯಬೇಕಾದರೆ ಪ್ರದಕ್ಷಿಣೆಯ ಮೇಲೆ ಪ್ರದಕ್ಷಿಣೆ ಹಾಕಬೇಕು. ಗುಂಪುಗಳು ಒಂದೇ ಸುತ್ತಿಗೆ ಮುಗಿಸಿ ಎಳನೀರಿನ ಕಡೆ ನಡೆಯುವುದು ಇಲ್ಲೇ.

ವ್ಯಾಪಾರದ ಕುರುಹುಗಳು ಹಂಪಿಯಲ್ಲಿ ಗುಡಿಗಳಷ್ಟೇ ಇವೆ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಗುಡಿಗಳ ಎದುರಿಗೆ ಉದ್ದುದ್ದ ರಥಬೀದಿ, ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳು. ಅರಮನೆಯ ದಿಕ್ಕಿನಲ್ಲಿ ಪಾನಸುಪಾರಿ ಬಜಾರು. 1443ರಲ್ಲಿ ಇಮ್ಮಡಿ ದೇವರಾಯನ ಕಾಲಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇಬ್ಬರೂ ಈ ಪೇಟೆಗಳ ರತ್ನ, ಹೂವು, ಬಟ್ಟೆಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. 1565ರ ತಾಳಿಕೋಟೆ ಯುದ್ಧದ ನಂತರ ಪೇಟೆ ಬರಿದಾಯಿತು. ಶತಮಾನಗಳ ಮೇಲೆ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲೇ ಜನ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದರು. 2011ರಲ್ಲಿ ಆಡಳಿತ ಅವುಗಳನ್ನು ತೆರವು ಮಾಡಿತು. ಸ್ಮಾರಕವನ್ನು ಖಾಲಿಯಾಗಿಟ್ಟೇ ಕಾಪಾಡಬೇಕೇ, ಪೇಟೆಯಾಗಿದ್ದದ್ದು ಪೇಟೆಯಾಗಿಯೇ ಉಳಿಯಬಾರದೇ ಎಂಬ ವಾದ ಅಂದಿನಿಂದ ಮುಗಿದಿಲ್ಲ.

ಗುಂಪಿಗೆ ಒಂಟಿ ಪ್ರವಾಸಿಗಿಲ್ಲದ ಒಂದು ದೋಷವಿದೆ: ಇನ್ನೊಬ್ಬರ ಮುಂದೆ ಧೈರ್ಯ ತೋರಿಸುವ ಚಪಲ. ವಿಠ್ಠಲ ಗುಡಿಯ ನಾದ ಹೊಮ್ಮಿಸುವ ಕಂಬಗಳನ್ನು ತಟ್ಟುವುದಕ್ಕೆ ಈಗ ನಿಷೇಧವಿರುವುದು ಅಂಥ ಕೈಗಳಿಂದಾಗಿಯೇ. 2019ರ ಫೆಬ್ರುವರಿಯಲ್ಲಿ ಹಂಪಿಯ ಗುಡಿಯೊಂದರ ಕಲ್ಲುಕಂಬವನ್ನು ಯುವಕರು ತಳ್ಳಿ ಉರುಳಿಸುವ ವಿಡಿಯೋ ಹರಿದಾಡಿತು. ನಾಲ್ವರು ಸಿಕ್ಕಿಬಿದ್ದರು; ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಬಿದ್ದ ಕಂಬಗಳನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೂ ಅವರನ್ನೇ ಹಚ್ಚಿತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ನಂತರ, ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕಂಬದ ಮೇಲೆ ಹೆಸರು ಗೀರುವುದೂ ಹಾನಿಯೇ.

ಇಂಥ ತಿರುಗಾಟ ಕಂಪನಿಯದೋ ಖಾಸಗಿಯೋ ಎಂಬುದು ಹೊರಡುವ ಮುನ್ನವೇ ಸ್ಪಷ್ಟವಾಗಿರುವುದು ಒಳ್ಳೆಯದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಉದ್ಯೋಗದ ನಿಮಿತ್ತ ಹೋದ ಜಾಗವನ್ನೂ ಅದಕ್ಕಾಗಿ ಮಾಲೀಕರು ಒದಗಿಸಿದ ವಾಹನವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಮ್ಯಾನೇಜರು ಜೊತೆಗೆ ಬಂದರೆ ಇನ್ನೊಂದು ತೊಡಕು. ಕಚೇರಿಯಲ್ಲಿ ಹೆಸರು ಹಿಡಿದೇ ಕರೆದರೂ ಕೋಣೆ ಹಂಚಿಕೊಳ್ಳುವಾಗ ಯಾರಿಗೂ ಆತನ ಜೊತೆ ಬೇಕಿರುವುದಿಲ್ಲ. ಮಾರ್ಚಿನಲ್ಲಿ ಅಂಕ ಹಾಕುವ ಕೈ ಅದು. ತಂಡದಲ್ಲಿ ಇಂತಿಷ್ಟೇ ಜನಕ್ಕೆ ಮೇಲಿನ ದರ್ಜೆ ಎಂಬ ನಿಯಮವಿರುವ ಕಡೆ ಮೇಲಧಿಕಾರಿ ಮಾತ್ರವಲ್ಲ, ಪಕ್ಕದವರೂ ಸ್ಪರ್ಧಿಗಳೇ. ಕಚೇರಿಯ ಗೆಳೆತನ ಶಾಲೆಯ ಗೆಳೆತನಕ್ಕಿಂತ ಬಿಗುವಾಗಿರುವುದಕ್ಕೆ ಇದೇ ಕಾರಣ.

ಪ್ರವಾಸದ ಖರ್ಚನ್ನು ಒಬ್ಬರು ಕೊಡುತ್ತಾರೆ, ಉಳಿದವರು ತಮ್ಮ ಪಾಲನ್ನು ಅವರಿಗೆ ಕಳಿಸುತ್ತಾರೆ. 2016ರಲ್ಲಿ ಯುಪಿಐ ಬಂದ ಮೇಲೆ ಮಂಡಕ್ಕಿ–ಮಿರ್ಚಿಯ ಹದಿನೈದು ರೂಪಾಯಿ ಕೂಡ ಹಂಚಿಹೋಗುತ್ತದೆ. ‘ನೋಡ್ಕೊಳ್ಳೋಣ ಬಿಡಿ’ ಎನ್ನುವ ಹಿರಿಯರಿಗೆ ಇದು ಕೊಂಚ ಕಸಿವಿಸಿ. ಆದರೂ ಮುಖ ನೋಡಿ ಸಾಲ ಕೇಳುವ ಮುಜುಗರ ತಪ್ಪಿದ್ದು ಸಣ್ಣ ವಿಷಯವಲ್ಲ.

ಸಹೋದ್ಯೋಗಿಗಳನ್ನು ಬೆಸೆಯುವ ಇನ್ನೊಂದು ವ್ಯವಹಾರ ಆನ್‌ಲೈನ್ ಖರೀದಿ. ಹಗಲಿಗೆ ಮನೆಗೆ ಬೀಗ. ಹಾಗಾಗಿ ಪಾರ್ಸೆಲ್ಲುಗಳು ಕಚೇರಿಯ ವಿಳಾಸಕ್ಕೆ ಬರುತ್ತವೆ. ಹಬ್ಬದ ಮಾರಾಟದ ವಾರದಲ್ಲಿ ಸೆಕ್ಯುರಿಟಿ ಮೇಜಿನ ಹಿಂದೆ ಪೆಟ್ಟಿಗೆಗಳ ಗುಡ್ಡೆ ಬೆಳೆದು, ವೈಯಕ್ತಿಕ ಪಾರ್ಸೆಲ್ ತರಿಸಬೇಡಿ ಎಂದು ಸುತ್ತೋಲೆ ಹೊರಡಿಸುವ ಕಚೇರಿಗಳಿವೆ. ಡೆಲಿವರಿ ಹುಡುಗ ಬಂದಾಗ ಸಭೆಯಲ್ಲಿರುವವರ ಪರವಾಗಿ ಒಟಿಪಿ ಹೇಳಿ ಪೆಟ್ಟಿಗೆ ಇಸಿದುಕೊಳ್ಳುವುದು ಪಕ್ಕದ ಕುರ್ಚಿಯವರ ಕೆಲಸ. ಸಾಗಣೆ ಶುಲ್ಕ ತಪ್ಪಿಸಲು ಇಬ್ಬರ ಸಾಮಾನು ಒಂದೇ ಬಿಲ್ಲಿಗೆ ಸೇರುತ್ತದೆ. ಪ್ರವಾಸಕ್ಕೆ ಮುಂಚಿನ ವಾರ ಬೂಟು, ಟೋಪಿ, ಬೆನ್ನುಚೀಲಗಳ ಕೊಂಡಿಗಳು ಗುಂಪಿನಲ್ಲಿ ಹರಿದಾಡುತ್ತವೆ. ಒಬ್ಬರು ಕೊಂಡು ಮೆಚ್ಚಿದ್ದನ್ನು ನಾಲ್ವರು ಕೊಳ್ಳುತ್ತಾರೆ. ಜಾಲತಾಣದಲ್ಲಿ ಅಪರಿಚಿತರು ಕೊಟ್ಟ ನಕ್ಷತ್ರಗಳಿಗಿಂತ ಎದುರಿಗಿರುವವರ ಕಾಲಿನ ಬೂಟು ನಂಬಲರ್ಹ ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ವಿಶ್ವಾಸ ಕ್ರೆಡಿಟ್ ಕಾರ್ಡಿನದು. ಒಂದೊಂದು ಮಾರಾಟಕ್ಕೆ ಒಂದೊಂದು ಬ್ಯಾಂಕಿನ ಕಾರ್ಡಿಗೆ ರಿಯಾಯಿತಿ. ಆ ಕಾರ್ಡು ತನ್ನಲ್ಲಿ ಇಲ್ಲದಿದ್ದರೆ ಇರುವವರನ್ನು ಹುಡುಕಿ ‘ನಿಮ್ಮ ಕಾರ್ಡಲ್ಲಿ ಹಾಕಿ, ಈಗಲೇ ಕಳಿಸ್ತೀನಿ’ ಎನ್ನುವುದು ಕಚೇರಿಗಳಲ್ಲಿ ದಿನನಿತ್ಯದ ಮಾತು. ಉಳಿತಾಯ ನಿಜ, ತೊಡಕುಗಳೂ ನಿಜ. ಬ್ಯಾಂಕಿನ ದೃಷ್ಟಿಯಲ್ಲಿ ಕೊಂಡವರು ಕಾರ್ಡಿನ ಒಡೆಯರೇ, ಬಾಕಿಯೂ ಅವರದೇ. ವಸ್ತು ಹಿಂತಿರುಗಿಸಿದರೆ ಹಣ ಸಾಮಾನ್ಯವಾಗಿ ಬಂದ ಕಾರ್ಡಿಗೇ ಮರಳುತ್ತದೆ. ಅದು ಬಂತೇ ಎಂದು ಗೆಳೆಯರನ್ನು ಮತ್ತೆ ಮತ್ತೆ ಕೇಳಬೇಕು. ವರ್ಷದಲ್ಲಿ ಒಟ್ಟು 10 ಲಕ್ಷ ರೂಪಾಯಿ ಮುಟ್ಟಿದ ಕಾರ್ಡ್ ಬಿಲ್ ಪಾವತಿಯನ್ನು ಬ್ಯಾಂಕುಗಳು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತವೆ, ಅದರಲ್ಲಿ ಯಾರ ಫ್ರಿಜ್ ಎಷ್ಟೆಂದು ಇಲಾಖೆಗೆ ಗೊತ್ತಾಗುವುದಿಲ್ಲ. ಕಾರ್ಡಿನ ಸಂಖ್ಯೆಯನ್ನು ಅಂಗಡಿ ತಾಣಗಳು ತಮ್ಮಲ್ಲಿ ಉಳಿಸಿಕೊಳ್ಳಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆದರೆ ಕಾರ್ಡಿನ ಫೋಟೋ ತೆಗೆದು ಗೆಳೆಯರ ಫೋನಿಗೆ ಕಳಿಸುವವರನ್ನು ಆ ನಿಯಮ ಕಾಯಲಾರದು.

ಅವಸರಪಡಿಸುವುದು ಈ ತಾಣಗಳ ಹಳೆಯ ಚಾಳಿ. ‘ಎರಡೇ ಉಳಿದಿವೆ’ ಎಂಬ ಸುಳ್ಳು ಗಾಬರಿ, ಕೇಳದ ವಿಮೆಯನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದವರೆಗೂ ಪೂರ್ತಿ ದರ ತೋರಿಸದಿರುವುದು ಮೊದಲಾದ 13 ಬಗೆಯ ಕಣ್ಕಟ್ಟನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೆಸರಿಸಿ ನಿಷೇಧಿಸಿತು. ಹಂಪಿಯ ಸುತ್ತಲ ಕೋಣೆಗಳನ್ನು ಕಾದಿರಿಸುವಾಗಲೂ ಇದೇ ಆಟ ಎದುರಾಗಬಹುದು, ಇದೇ ನಿಯಮ ಅನ್ವಯಿಸುತ್ತದೆ. 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ತಾಣದ ಅಧಿಕಾರಿ 48 ಗಂಟೆಯೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ, ಮಾರಿದವರು ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಒಬ್ಬರು ಕೆಲಸ ಬಿಟ್ಟಾಗ ಈ ಎಲ್ಲ ಲೆಕ್ಕಗಳೂ ಒಮ್ಮೆಗೇ ಮೇಲೆ ಬರುತ್ತವೆ. ಕೊನೆಯ ದಿನ ಕಂಪನಿಯ ಮೇಲ್ ಮುಚ್ಚುತ್ತದೆ, ಗುರುತಿನ ಚೀಟಿ ಬಾಗಿಲು ತೆರೆಯುವುದನ್ನು ನಿಲ್ಲಿಸುತ್ತದೆ. ಗೆಳೆಯರ ಕಾರ್ಡಿನಲ್ಲಿ ಹಾಕಿಸಿದ ಕಂತು ಮಾತ್ರ ಇನ್ನೂ ಏಳು ತಿಂಗಳು ಉಳಿದಿರುತ್ತದೆ. ಮೇಜುಗಳ ಸಾಮೀಪ್ಯದ ಮೇಲೆ ಮಾತ್ರ ನಿಂತಿದ್ದ ಸ್ನೇಹ ಆ ಕಂತಿನ ಜೊತೆಗೇ ಮುಗಿಯುತ್ತದೆ. ಹೊರಗಿನ ಗಂಟೆಗಳ ಮೇಲೆ ನಿಂತದ್ದು ಮುಂದುವರಿಯುತ್ತದೆ, ಕೆಲವೊಮ್ಮೆ ಇನ್ನೊಂದು ಕಚೇರಿಯನ್ನೇ ಹುಟ್ಟಿಸುತ್ತದೆ. ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಜೊತೆಗಿದ್ದವರು 1981ರಲ್ಲಿ ಪುಣೆಯಲ್ಲಿ ಕಟ್ಟಿದ ಇನ್ಫೋಸಿಸ್ ಎರಡು ವರ್ಷದ ಮೇಲೆ ಬೆಂಗಳೂರಿಗೆ ಬಂತು. ಐಐಟಿ ದೆಹಲಿಯಲ್ಲಿ ಓದಿ ಅಮೆಜಾನಿನಲ್ಲಿ ಸಹೋದ್ಯೋಗಿಗಳಾಗಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ತೆರೆದ ತಾಣವೇ ಫ್ಲಿಪ್‌ಕಾರ್ಟ್. ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿಯನ್ನು ಅದು 2010ರಲ್ಲಿ ತಂದಾಗ, ಕಾರ್ಡಿಲ್ಲದವರೂ ಆನ್‌ಲೈನಿನಲ್ಲಿ ಕೊಳ್ಳತೊಡಗಿದರು. ಅದಕ್ಕೂ ಮುಂಚೆ, 1999ರಲ್ಲಿ, ಬೆಂಗಳೂರಿನಲ್ಲೇ ಕೆಲವರು ಸೇರಿ ಫ್ಯಾಬ್‌ಮಾರ್ಟ್ ಎಂಬ ತಾಣ ನಡೆಸಿದ್ದರು. ಇಂಟರ್ನೆಟ್ಟು ಕೆಲವೇ ಮನೆಗಳಿಗೆ ತಲುಪಿದ್ದ ಕಾಲ. ವ್ಯಾಪಾರ ನಿರೀಕ್ಷೆಯಂತೆ ಕುದುರಲಿಲ್ಲ. ಅವರು ಮುಂದೆ ಕಟ್ಟಿದ ದಿನಸಿ ಅಂಗಡಿಗಳ ಸರಣಿ ಕೊನೆಗೆ ಆದಿತ್ಯ ಬಿರ್ಲಾ ಸಮೂಹದ ಪಾಲಾಯಿತು. ವಿ. ಎಸ್. ಸುಧಾಕರ್, ಹರಿ ಮೆನನ್, ವಿಪುಲ್ ಪಾರೇಖ್ ಸೇರಿದಂತೆ ಆ ತಂಡದ ಹಲವರು 2011ರಲ್ಲಿ ಮತ್ತೆ ಒಂದಾಗಿ, ತರಕಾರಿ–ದಿನಸಿಯನ್ನು ಮನೆಬಾಗಿಲಿಗೆ ತಲುಪಿಸುವ ಬಿಗ್‌ಬಾಸ್ಕೆಟ್ ಆರಂಭಿಸಿದರು. 2021ರಲ್ಲಿ ಅದರ ಹೆಚ್ಚಿನ ಪಾಲನ್ನು ಟಾಟಾ ಸಮೂಹ ಕೊಂಡಿತು.